ಆಂಗ್ಲ ಬ್ರಯರ್ ಚುಂಗಾಣಿಗಳ ಸಂಗ್ರಹ: ವೈಟ್‌ಫೀಲ್ಡಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕ್ರಿ.ಶ. ೧೬೦೪ರ ಸುಮಾರಿನಲ್ಲಿ ಅಕ್ಬರ್ ಚಕ್ರವರ್ತಿಯ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಾನು ಹಿಂದೆ ಕಂಡಿರದ ಪದಾರ್ಥವೊಂದನ್ನು ಕಂಡನು. ಅದೇ ಹೊಗೆಸೊಪ್ಪು. ಅದನ್ನು ಅವನು ಬರಿಗೈಯಲ್ಲಿ ಒಯ್ಯಲಿಲ್ಲ. ಅದನ್ನು ಸೇದುವುದಕ್ಕೆ ತಕ್ಕ ಒಂದು ಚುಂಗಾಣಿಯನ್ನೂ ಸಿದ್ಧಪಡಿಸಿಕೊಂಡು ಆಗ್ರಾ ನಗರಕ್ಕೆ ಹಿಂದಿರುಗಿದನು. ಅದರ ಉದ್ದನೆಯ ಕೊಳವೆ ಅಚಿನ್ ದೇಶದ್ದು. ಎರಡು ತುದಿಗಳಿಗೂ ರತ್ನದ ಮತ್ತು ಮೀನಾಕಾರಿಯ ಅಲಂಕಾರವಿದ್ದಿತು. ಬಾಯಿಗೆ ತಾಗುವ ತುದಿಯು ಯಮನ್ ದೇಶದ ಕೆಂಪು ಅಕೀಕ ಶಿಲೆಯದು. ಚಕ್ರವರ್ತಿಯು ಕುತೂಹಲದಿಂದ ಎರಡು ಮೂರು ಸಲ ಹೊಗೆಯನ್ನೆಳೆದನೆಂದೂ ರಾಜವೈದ್ಯನು ಅದನ್ನು ವಿರೋಧಿಸಿದನೆಂದೂ ಅಸದ್ ಬೇಗನೇ ಬರೆದಿಟ್ಟಿದ್ದಾನೆ.

ಈ ಪ್ರಸಂಗದಲ್ಲಿ ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕಾದ ಅಂಶ ಬೇರೊಂದಿದೆ. ಅಸದ್ ಬೇಗನ ಚುಂಗಾಣಿ ನಮ್ಮ ಕಣ್ಣೆದುರಿಗೆ ಇಲ್ಲ. ಆದರೂ ಅದರ ಯಾವ ಭಾಗ ಯಾವ ದೇಶದಿಂದ ಬಂದಿತು, ಅದು ಎಲ್ಲಿ ಕೈಸೇರಿತು, ಯಾರ ಕೈಗೆ ಹೋಯಿತು ಎಂಬುದೆಲ್ಲ ನಮಗೆ ತಿಳಿದಿದೆ. ವಸ್ತುವು ಹೋಯಿತು, ಟಿಪ್ಪಣಿಯು ಉಳಿಯಿತು. ಇದಕ್ಕೆ ನೇರವಾಗಿ ವಿರುದ್ಧವಾದ ಸ್ಥಿತಿಯನ್ನು ನಮ್ಮ ಕಾಲದ ಸಂಗ್ರಾಹಕರಲ್ಲಿ ಕಾಣುತ್ತೇವೆ. ಅವರ ಕಪಾಟಿನಲ್ಲಿ ವಸ್ತುವು ಜೋಪಾನವಾಗಿರುತ್ತದೆ. ಅದು ಎಲ್ಲಿಂದ ಬಂದಿತೆಂಬ ಮಾತು ಮಾತ್ರ ಕಳೆದುಹೋಗಿರುತ್ತದೆ. ಇಂಗ್ಲೆಂಡಿನಲ್ಲಿ ತಯಾರಾಗಿ ಮೈಸೂರು ಸೀಮೆಗೆ ಬಂದ ಹಳೆಯ ಬ್ರಯರ್ ಚುಂಗಾಣಿಗಳನ್ನು ಉದಾಹರಣೆಯಾಗಿಟ್ಟುಕೊಂಡು, ಇಂತಹ ವಸ್ತುವನ್ನು ಓದುವ ಕ್ರಮವೇನು, ಅದು ತಾನಾಗಿ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ವಸ್ತುವಿನ ಸ್ವರೂಪ

‘ಬ್ರಯರ್’ ಎಂಬ ಇಂಗ್ಲಿಷ್ ಶಬ್ದವನ್ನು ಕೇಳಿದೊಡನೆ ಮುಳ್ಳಿನ ಕಾಡುಗುಲಾಬಿಯ ನೆನಪಾಗುವುದು ಸಹಜ. ಆದರೆ ಚುಂಗಾಣಿಯ ಬ್ರಯರಿಗೂ ಆ ಗಿಡಕ್ಕೂ ಯಾವ ಸಂಬಂಧವೂ ಇಲ್ಲ. ಇದು ಫ್ರೆಂಚ್ ಭಾಷೆಯ ‘ಬ್ರುಯೇರ್’ ಎಂಬುದರ ಅಪಭ್ರಂಶ. ಸಸ್ಯಶಾಸ್ತ್ರಜ್ಞರು ‘ಎರಿಕಾ ಆರ್ಬೋರಿಯಾ’ ಎಂದು ಕರೆಯುವ ಈ ಪೊದೆಯು ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣ ಗುಡ್ಡಗಳಲ್ಲಿ, ಅಂದರೆ ಕಾರ್ಸಿಕಾ, ಸಾರ್ಡೀನಿಯಾ, ಇಟಲಿಯ ಕಲಾಬ್ರಿಯ, ಗ್ರೀಸ್, ಅಲ್ಜೀರಿಯ ಮುಂತಾದ ಕಡೆಗಳಲ್ಲಿ, ಬೆಳೆಯುತ್ತದೆ. ಕಾಂಡಕ್ಕೂ ಬೇರಿಗೂ ನಡುವೆ, ನೆಲಮಟ್ಟದಲ್ಲಿ, ಅದಕ್ಕೊಂದು ಗಂಟು ಬೆಳೆಯುವುದು. ಚುಂಗಾಣಿಗೆ ಬೇಕಾದುದು ಆ ಗಂಟು ಮಾತ್ರ. ಅದು ಬಹು ಗಟ್ಟಿ; ಕಾವನ್ನು ಸಹಿಸುತ್ತದೆ; ಒಳಗೆ ಕೆಂಡವಿದ್ದರೂ ಬೇಗನೆ ಹೊತ್ತಿಕೊಳ್ಳುವುದಿಲ್ಲ.

ಗಂಟನ್ನು ಅಗೆದು ತೆಗೆದ ಮೇಲೆ ಅದು ಒಮ್ಮೆಗೇ ಒಣಗಿ ಬಿರಿಯದಂತೆ ತೇವದಲ್ಲಿಡುತ್ತಾರೆ. ಬಳಿಕ ತುಂಡುಗಳಾಗಿ ಕೊಯ್ದು, ಬಹಳ ಹೊತ್ತು ನೀರಿನಲ್ಲಿ ಕುದಿಸಿ, ಅದರ ಒಗರು ರಸವನ್ನು ಹೊರಗೆಡಹುತ್ತಾರೆ. ಅನಂತರ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ನೆರಳಿನಲ್ಲಿ ಒಣಗಲು ಬಿಡುತ್ತಾರೆ. ಹೀಗೆ ಪಕ್ವವಾದ ತುಂಡನ್ನು ಲೇತಿನ ಮೇಲೆ ಕಡೆದು ಹೊಗೆಸೊಪ್ಪನ್ನು ತುಂಬುವ ಬಟ್ಟಲನ್ನೂ, ಬಟ್ಟಲಿಗೆ ಅಂಟಿಕೊಂಡ ಕಂಠವನ್ನೂ ರೂಪಿಸುವರು. ಕಂಠದ ಕೊನೆಯಲ್ಲಿ ಬಾಯಿನಳಿಗೆಯನ್ನು ಸಿಕ್ಕಿಸುವರು. ಬಟ್ಟಲಿನ ಮೇಲೆ ಮರದ ಎಳೆಗಳು ಉದ್ದಕ್ಕೆ ನೇರವಾಗಿ ಹರಿದಿದ್ದರೆ, ಇಲ್ಲವೇ ಸಣ್ಣ ಸಣ್ಣ ಹಕ್ಕಿಗಣ್ಣುಗಳಂತೆ ಒತ್ತಾಗಿ ಮೂಡಿದ್ದರೆ, ಅಂತಹುದಕ್ಕೆ ಬೆಲೆ ಹೆಚ್ಚು.

ಬ್ರಯರಿಗೆ ಮುಂಚೆ ಯೂರೋಪಿನ ಜನ ಸುಟ್ಟ ಜೇಡಿಮಣ್ಣಿನ ಚುಂಗಾಣಿಗಳನ್ನೂ, ಸಿರಿವಂತರು ತುರ್ಕಿಯ ನೆಲದಲ್ಲಿ ದೊರೆಯುವ ಮೀರ್‌ಶಾಮ್ ಎಂಬ ಹಗುರವಾದ ಬಿಳಿಯ ಖನಿಜದಿಂದ ಕೆತ್ತಿದವನ್ನೂ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿರುವ ಸೇಂಟ್ ಕ್ಲಾಡ್ ಪಟ್ಟಣವು ಬ್ರಯರ್ ಕೆಲಸದ ಕೇಂದ್ರವಾಯಿತು. ಅಲ್ಲಿನ ಮರಗಡೆತದ ಕುಶಲಿಗಳಿಗೆ ಇದು ಹೊಸ ಜೀವನೋಪಾಯವನ್ನು ಒದಗಿಸಿತು. ಆ ವಿದ್ಯೆಯು ಕ್ರಮೇಣ ಲಂಡನ್ ನಗರಕ್ಕೆ ದಾಟಿತು. ೧೮೬೩ರಲ್ಲಿ ರಷ್ಯಾ ದೇಶದಿಂದ ಬಂದ ಫ್ರೆಡರಿಕ್ ಚಾರಟನ್ ಲಂಡನ್ನಿನಲ್ಲಿ ತನ್ನ ಉದ್ಯಮವನ್ನು ಸ್ಥಾಪಿಸಿದನು. ಸೇಂಟ್ ಕ್ಲಾಡಿನ ಕೊಮೊಯ್ ಮನೆತನದ ಹೆನ್ರಿ ಕೊಮೊಯ್ ೧೮೭೯ರಲ್ಲಿ ಅಲ್ಲಿಗೆ ಬಂದನು. ಮೊದಲು ಬೆಳ್ಳಿಗೆಲಸದವರಾಗಿದ್ದ ಬಾರ್ಲಿಂಗ್ ಮನೆತನದವರು ಬ್ರಯರಿಗೆ ಬೆಳ್ಳಿಯನ್ನು ಕೂಡಿಸಿ ಹೆಸರು ಪಡೆದರು. ೧೯೦೭ರಲ್ಲಿ ಡ್ಯೂಕ್ ಬೀದಿಯಲ್ಲಿ ಹೊಗೆಸೊಪ್ಪಿನ ಅಂಗಡಿಯನ್ನು ತೆರೆದ ಆಲ್‌ಫ್ರೆಡ್ ಡನ್‌ಹಿಲ್ ೧೯೧೦ರಲ್ಲಿ ತನ್ನದೇ ಕಾರ್ಯಾಗಾರವನ್ನು ಆರಂಭಿಸಿದನು. ಆ ಕಾರ್ಯಾಗಾರದಲ್ಲಿ ಕೆಲಸ ಮಾಡಿದ್ದ ಜೋಯೆಲ್ ಸಸಿಯೆನಿ ೧೯೧೯ರಲ್ಲಿ ಬೇರೆ ಉದ್ಯಮವನ್ನು ಕಟ್ಟಿದನು. ಆದುದರಿಂದ ನಾವು ‘ಆಂಗ್ಲ ಚುಂಗಾಣಿ’ ಎನ್ನುವ ವಸ್ತುವಿನಲ್ಲಿ ಮರವು ಮೆಡಿಟರೇನಿಯನ್ ತೀರದ್ದು, ವಿದ್ಯೆಯು ಬಹುಮಟ್ಟಿಗೆ ಫ್ರಾನ್ಸಿನದು, ಬಾಯಿನಳಿಗೆಯ ರಬ್ಬರು ಉಷ್ಣವಲಯದ್ದು. ಇಂಗ್ಲೆಂಡಿನದೆಂದು ಖಚಿತವಾಗಿ ಹೇಳಬಹುದಾದುದು ಅದರ ಮೇಲಿನ ಮುದ್ರೆ. ಆ ಮುದ್ರೆಯಲ್ಲಿ ಕಾಣುವುದು ಕೂಡ ಕಡೆದವನ ಹೆಸರಲ್ಲ, ವ್ಯಾಪಾರ ಸಂಸ್ಥೆಯ ಹೆಸರು.

೨. ಮುದ್ರೆಗಳನ್ನು ಓದುವ ಕ್ರಮ

ನಮ್ಮ ದೇಶದ ಹಳೆಯ ಕೈಕೆಲಸದ ವಸ್ತುಗಳಲ್ಲಿ ಕಾಲನಿರ್ಣಯವು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಬಲ್ಲರು. ಬೀದರಿನ ಕುಶಲಿಗಳು ಕಪ್ಪು ಲೋಹದಲ್ಲಿ ಬೆಳ್ಳಿಯನ್ನು ಹೂಡಿ ಮಾಡಿದ ಹುಕ್ಕದ ತಳಪಾತ್ರೆಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೂ ಸೇರಿದಂತೆ ಅನೇಕ ಕಡೆಗಳಲ್ಲಿವೆ. ಅವುಗಳ ಕೆಲಸದ ಸೊಗಸು ಅಸಾಧಾರಣವಾದುದು. ಆದರೆ ಸಾಮಾನ್ಯವಾಗಿ ಅವುಗಳ ಮೇಲೆ ಮಾಡಿದವನ ಹೆಸರಾಗಲಿ ಇಸವಿಯಾಗಲಿ ಇರುವುದಿಲ್ಲ. ಬಳ್ಳಿಯ ಬಾಗು, ಹೂವಿನ ಮಾದರಿ, ಪಾತ್ರೆಯ ಆಕಾರ ಇವುಗಳ ಆಧಾರದ ಮೇಲೆ ಕಾಲವನ್ನು ಊಹಿಸಬೇಕಾಗುತ್ತದೆ. ಬೆಳ್ಳಿಯ ಕಟ್ಟುಳ್ಳ ಆಂಗ್ಲ ಚುಂಗಾಣಿಯು ಇದಕ್ಕೆ ವಿರುದ್ಧವಾದುದು. ಕಲೆಯ ದೃಷ್ಟಿಯಿಂದ ಬೀದರಿನ ಪಾತ್ರೆಯೊಡನೆ ಅದು ಹೋಲಿಕೆಗೆ ನಿಲ್ಲಲಾರದು. ಆದರೆ ತನ್ನ ಹುಟ್ಟಿದ ವರ್ಷವನ್ನು ಮೈಮೇಲೆ ಬರೆದುಕೊಂಡೇ ಅದು ಬರುತ್ತದೆ.

ಇಂಗ್ಲೆಂಡಿನಲ್ಲಿ ಬೆಳ್ಳಿಯ ವಸ್ತುಗಳನ್ನು ಪರೀಕ್ಷಾಲಯಕ್ಕೆ ಕಳುಹಿಸಿ ಮುದ್ರೆ ಹಾಕಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಚಿನಿವಾರನ ಒರೆಗಲ್ಲು ಮಾಡುವ ಕೆಲಸವನ್ನು ಅಲ್ಲಿ ಶಾಸನವು ವಹಿಸಿಕೊಂಡಿದೆಯೆನ್ನಬಹುದು. ಚುಂಗಾಣಿಯ ಕಂಠಕ್ಕೆ ಹಾಕಿದ ಕಿರಿದಾದ ಕಟ್ಟಿನ ಮೇಲೂ ಈ ಮುದ್ರೆಗಳಿರುತ್ತವೆ. ಮೊದಲನೆಯದು ನಡೆಯುತ್ತಿರುವ ಸಿಂಹ. ಬೆಳ್ಳಿಯು ಸಾವಿರಕ್ಕೆ ೯೨೫ ಪಾಲು ಶುದ್ಧವಾದುದೆಂದು ಅದರ ಅರ್ಥ. ಎರಡನೆಯದು ಪರೀಕ್ಷಾಲಯದ ಗುರುತು: ಚಿರತೆಯ ತಲೆಯಾದರೆ ಲಂಡನ್, ಲಂಗರಾದರೆ ಬರ್ಮಿಂಗ್‌ಹ್ಯಾಮ್, ಕತ್ತಿಯೂ ಮೂರು ಗೋಧಿಯ ಸಿವುಡುಗಳೂ ಇದ್ದರೆ ಚೆಸ್ಟರ್. ಈ ಕೊನೆಯ ಪರೀಕ್ಷಾಲಯವು ೧೯೬೨ರಲ್ಲಿ ಮುಚ್ಚಿಹೋಯಿತು. ಮೂರನೆಯದು ವರ್ಷವನ್ನು ಸೂಚಿಸುವ ಒಂದು ಅಕ್ಷರ. ನಾಲ್ಕನೆಯದು ಬೆಳ್ಳಿಯನ್ನು ಪರೀಕ್ಷೆಗೆ ಒಪ್ಪಿಸಿದವರ ಹೆಸರಿನ ಮೊದಲಕ್ಷರಗಳು. ಇವುಗಳ ಜೊತೆಗೆ ರಾಜನ ಅಥವಾ ರಾಣಿಯ ತಲೆಯ ಚಿತ್ರವೂ ಕಂಡುಬಂದರೆ, ಅದು ಸುಂಕ ಕೊಟ್ಟುದರ ಗುರುತು. ಈ ಸುಂಕವು ೧೮೯೦ರಲ್ಲಿ ನಿಂತುಹೋದುದರಿಂದ ಅಂತಹ ಕಟ್ಟು ಅದಕ್ಕಿಂತ ಈಚಿನದಾಗಿರಲಾರದು.

ವರ್ಷದ ಅಕ್ಷರವನ್ನು ಓದುವಾಗ ಎಚ್ಚರಿಕೆ ಬೇಕು. ಲಂಡನ್ ಪರೀಕ್ಷಾಲಯವು ಇಪ್ಪತ್ತು ಅಕ್ಷರಗಳ ಆವರ್ತವನ್ನು ಬಳಸುತ್ತಿದ್ದಿತು. ೧೮೯೬, ೧೯೧೬, ೧೯೩೬ರಲ್ಲಿ ಹೊಸ ಆವರ್ತಗಳು ಆರಂಭವಾದವು. ಬರ್ಮಿಂಗ್‌ಹ್ಯಾಮಿನ ಆವರ್ತವು ಇಪ್ಪತ್ತೈದು ಅಕ್ಷರಗಳದು; ಅಲ್ಲಿ ೧೯೦೦ರಲ್ಲಿ ಒಂದು, ೧೯೨೫ರಲ್ಲಿ ಮತ್ತೊಂದು ಆವರ್ತ ಮೊದಲಾಯಿತು. ಆದುದರಿಂದ ಒಂದೇ ಅಕ್ಷರವು ಎರಡು ಊರುಗಳಲ್ಲಿ ಬೇರೆ ಬೇರೆ ವರ್ಷಗಳನ್ನು ಸೂಚಿಸುತ್ತದೆ. ಒಂದೇ ಊರಿನಲ್ಲಿ ಕೂಡ ಅಕ್ಷರದ ಬರಹದ ರೀತಿ ಮತ್ತು ಅದರ ಸುತ್ತಣ ಚೌಕಟ್ಟಿನ ಆಕಾರಗಳನ್ನು ನೋಡದೆ ಆವರ್ತವನ್ನು ನಿರ್ಧರಿಸಲಾಗದು. ಇಷ್ಟೇ ಅಲ್ಲದೆ, ೧೯೭೫ಕ್ಕೆ ಮೊದಲು ಅಕ್ಷರವು ಜನವರಿಯಲ್ಲಿ ಬದಲಾಗುತ್ತಿರಲಿಲ್ಲ. ಲಂಡನ್ನಿನಲ್ಲಿ ಮೇ ತಿಂಗಳಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಜುಲೈ ತಿಂಗಳಲ್ಲಿ ಬದಲಾಗುತ್ತಿದ್ದಿತು. ಲಂಗರಿನ ಗುರುತಿನೊಡನೆ ೧೯೦೦ರ ಆವರ್ತದ ಚಿಕ್ಕ ‘ಎಫ್’ ಅಕ್ಷರವಿದ್ದರೆ ಅದನ್ನು ‘೧೯೦೫-೦೬’ ಎಂದು ಬರೆಯುವುದೇ ಸರಿ.

ಬೆಳ್ಳಿಯ ಕಟ್ಟಿಲ್ಲದ ಚುಂಗಾಣಿಗಳೇ ಹೆಚ್ಚು. ಅವುಗಳಲ್ಲಿ ಕಂಠದ ಮೇಲೆ ಒತ್ತಿದ ಅಕ್ಷರಗಳೇ ಆಧಾರ. ಪೇಟೆಂಟ್ ಸಂಖ್ಯೆಯೊಂದಿದ್ದರೆ ಅದು ಒಂದು ಎಲ್ಲೆಯನ್ನು ತೋರಿಸುತ್ತದೆ. ಡನ್‌ಹಿಲ್ ಚುಂಗಾಣಿಗಳ ಮೇಲೆ ಕಾಣುವ ‘೫೮೬೧/೧೨’ ಎಂಬುದು ೧೯೧೨ರ ಪೇಟೆಂಟ್. ಅದನ್ನು ಹೊತ್ತ ಚುಂಗಾಣಿಯು ಆ ವರ್ಷಕ್ಕಿಂತ ಹಳೆಯದಾಗಿರಲಾರದು. ಆದರೆ ಅದೇ ವರ್ಷದ್ದೆಂದು ಹೇಳುವುದು ತಪ್ಪು. ಪೇಟೆಂಟಿನ ಸಂಖ್ಯೆಯನ್ನು ಅನೇಕ ವರ್ಷಗಳವರೆಗೆ ಒತ್ತುತ್ತಲೇ ಇರುತ್ತಾರೆ. ಹಾಗೆಯೇ ನೋಂದಾಯಿತ ವಿನ್ಯಾಸದ ಸಂಖ್ಯೆಯು ೧೮೮೪ರಲ್ಲಿ ಒಂದರಿಂದ ಆರಂಭವಾದ ಸರಣಿಗೆ ಸೇರಿದುದು. ದೇಶದ ಹೆಸರನ್ನು ಒತ್ತುವ ರೂಢಿಯು ೧೮೮೭ರ ಬ್ರಿಟಿಷ್ ವ್ಯಾಪಾರಗುರುತುಗಳ ಶಾಸನ, ೧೮೯೦ರ ಅಮೆರಿಕದ ಸುಂಕದ ಶಾಸನ ಇವುಗಳಿಂದಾಗಿ ಬಲಗೊಂಡಿತು. ಬಾಯಿನಳಿಗೆಯ ಮೇಲಿನ ಗುರುತುಗಳೂ ಉಪಯುಕ್ತವೇ. ಡನ್‌ಹಿಲ್ಲಿನ ಬಿಳಿಯ ಚುಕ್ಕೆಯು ನಳಿಗೆಯ ಯಾವ ಮಗ್ಗುಲು ಮೇಲಾಗಿರಬೇಕೆಂಬುದನ್ನು ತಿಳಿಸಲು ಹುಟ್ಟಿ, ಕೊನೆಗೆ ಸಂಸ್ಥೆಯ ಹೆಗ್ಗುರುತಾಯಿತು. ಆದರೆ ನಳಿಗೆಯನ್ನು ಬದಲಾಯಿಸುವುದು ಸುಲಭ. ಆದಕಾರಣ ನಳಿಗೆಯ ಗುರುತಿಗಿಂತ ಮರದ ಮೇಲಿನ ಗುರುತಿಗೆ ಪ್ರಮಾಣ ಹೆಚ್ಚು.

ಬೆಳ್ಳಿಯ ವಿಚಾರದಲ್ಲಿಯೂ ಇದೇ ಸಂಶಯವನ್ನು ಜಾಗೃತವಾಗಿಟ್ಟುಕೊಳ್ಳಬೇಕು. ಮುದ್ರೆಯು ಬೆಳ್ಳಿಯ ಪರೀಕ್ಷೆಯ ವರ್ಷವನ್ನು ಹೇಳುತ್ತದೆ, ಮರದ ವರ್ಷವನ್ನಲ್ಲ. ಕಂಠವು ಬಿರಿದಾಗ ಅದನ್ನು ಬಿಗಿಯಲು ಮುಂದೆಂದೋ ಕಟ್ಟನ್ನು ಹಾಕಿಸಿರುವುದೂ ಉಂಟು. ಹಾಗಾದರೆ ಮರವೇ ಹಳೆಯದು, ಬೆಳ್ಳಿಯೇ ಹೊಸದು.

೩. ವೈಟ್‌ಫೀಲ್ಡಿನ ಪ್ರಶ್ನೆ

ಇಂತಹ ವಸ್ತುಗಳು ನಮ್ಮ ನಾಡಿಗೆ ಬಂದ ದಾರಿಗಳು ಸ್ಪಷ್ಟವಾಗಿವೆ. ೧೮೦೯ರಲ್ಲಿ ಬೆಂಗಳೂರಿನ ದಂಡುಪ್ರದೇಶವು ಸ್ಥಾಪಿತವಾಯಿತು. ೧೮೬೪ರಲ್ಲಿ ಜೋಲಾರ್‌ಪೇಟೆಯಿಂದ ರೈಲುಮಾರ್ಗವು ಬೆಂಗಳೂರನ್ನು ಮುಟ್ಟಿತು. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಯೂರೋಪಿಯನ್ ತೋಟಗಾರರು ನೆಲಸಿದರು. ೧೮೮೦ರಿಂದ ಮುಂದಕ್ಕೆ ಕೋಲಾರದ ಚಿನ್ನದ ಗಣಿಗಳಿಗೆ ಜಾನ್ ಟೇಲರ್ ಸಂಸ್ಥೆಯ ಎಂಜಿನಿಯರುಗಳು ಬಂದರು. ಇವರೊಡನೆ ಅವರ ದಿನಬಳಕೆಯ ಸಾಮಾನುಗಳೂ ಬಂದವು. ಸುತ್ತಲಿನ ಹಳ್ಳಿಗಳ ಜನ ಚುಟ್ಟವನ್ನೋ ಬೀಡಿಯನ್ನೋ ಗುಡಗುಡಿಯನ್ನೋ ಸೇದುತ್ತಿದ್ದ ನಾಡಿನಲ್ಲಿ ಬ್ರಯರ್ ಚುಂಗಾಣಿಯು ಬಾಯಿಗಿಟ್ಟವನ ಅಂತಸ್ತನ್ನೂ ಸಾರುತ್ತಿದ್ದಿತು.

ಈ ಎಲ್ಲ ದಾರಿಗಳ ನಡುವೆ ನಿಂತ ಒಂದು ವಿಶಿಷ್ಟ ನೆಲೆಯೆಂದರೆ ವೈಟ್‌ಫೀಲ್ಡ್. ೧೮೮೧ರಲ್ಲಿ ರಾಜ್ಯವು ಮರಳಿ ಒಡೆಯರ ಮನೆತನಕ್ಕೆ ಬಂದ ಮರುವರ್ಷವೇ, ಅಂದರೆ ೧೮೮೨ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು ೩,೯೦೦ ಎಕರೆಗಳಷ್ಟು ಭೂಮಿಯನ್ನು ಒದಗಿಸಿದರು. ಸರ್ಕಾರದ ಚಿಕ್ಕಪುಟ್ಟ ನೌಕರಿಗಳನ್ನೇ ನಂಬಿಕೊಂಡಿದ್ದ ತಮ್ಮ ಜನಾಂಗದವರು ಬೇಸಾಯದಿಂದ ಸ್ವತಂತ್ರವಾಗಿ ಬಾಳಬೇಕೆಂಬುದು ಅದರ ನಾಯಕನಾಗಿದ್ದ ಡಿ. ಎಸ್. ವೈಟನ ಆಶಯ. ಊರಿಗೆ ಅವನ ಹೆಸರೇ ನಿಂತಿತು. ನಡುವೆ ವೃತ್ತಾಕಾರದ ಬಯಲು, ಅದರ ಸುತ್ತ ಮನೆಗಳು, ಅದರಾಚೆಗೆ ಇನ್ನೊಂದು ವೃತ್ತ, ಹೀಗೆ ಊರಿನ ವಿನ್ಯಾಸ. ‘ಇನ್ನರ್ ಸರ್ಕಲ್’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಇಮ್ಮಡಿಹಳ್ಳಿ, ಹಗದೂರು, ನಲ್ಲೂರಹಳ್ಳಿ, ಕಾಡುಗೋಡಿಗಳ ನಡುವೆ ಹಂಚಿನ ಮಾಡಿನ, ಮರಗಳ ನೆರಳಿನ ಈ ಸಣ್ಣ ವಸಾಹತು ಬಹುಕಾಲ ಸದ್ದಿಲ್ಲದೆ ಉಳಿಯಿತು. ೧೯೪೭ರ ಅನಂತರ ದೇಶದ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಬಹಳ ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ದೇಶಗಳಿಗೆ ವಲಸೆ ಹೋದರು. ೧೯೯೮ರಲ್ಲಿ ಸಮೀಪದಲ್ಲಿಯೇ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕು ತೆರೆದ ಬಳಿಕ ಭೂಮಿಯ ಬೆಲೆಯು ಮನೆಯ ಬೆಲೆಯನ್ನು ನುಂಗಿತು. ಹಳೆಯ ಬಂಗಲೆಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ವಸತಿಯ ಗೋಪುರಗಳು ಎದ್ದವು.

ಮನೆಯೊಂದು ಬೀಳುವಾಗ ಕಾಗದಪತ್ರಗಳು ಸಂಬಂಧಿಕರ ಕೈಗೂ, ಕುರ್ಚಿ ಮೇಜುಗಳು ಹರಾಜಿಗೂ, ಕಿರುವಸ್ತುಗಳು ಗುಜರಿಯವನ ಮೂಟೆಗೂ ಹೋಗುವುದು ಲೋಕರೂಢಿ. ಗುಜರಿಯ ಮೂಟೆಯಿಂದ ಚಿಕ್ಕಪೇಟೆಯ ಬಳಿಯ ಭಾನುವಾರದ ಸಂತೆಗೆ, ಅಲ್ಲಿಂದ ಸಂಗ್ರಾಹಕನ ಕಪಾಟಿಗೆ ಮೂರೇ ಹೆಜ್ಜೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ವಸ್ತುವಿನ ಬೆಲೆ ಏರುತ್ತದೆ. ಅದರ ಪೂರ್ವೋತ್ತರವು ಅಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೇಲೆ ಹೇಳಿದ ೧೯೦೫-೦೬ರ ಬರ್ಮಿಂಗ್‌ಹ್ಯಾಮ್ ಕಟ್ಟುಳ್ಳ ಚುಂಗಾಣಿಯೊಂದು ಸಂತೆಯಲ್ಲಿ ದೊರೆಯಿತೆನ್ನೋಣ. ಬೆಳ್ಳಿಯ ಶುದ್ಧತೆ, ಪರೀಕ್ಷೆಯಾದ ಊರು, ವರ್ಷ, ಒಪ್ಪಿಸಿದವರ ಅಕ್ಷರಗಳು, ಇಷ್ಟನ್ನು ಅದು ತಾನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿಯೇ ಉಳಿದ ಅದರ ಒಡಹುಟ್ಟುಗಳೂ ಅಷ್ಟನ್ನೇ ಹೇಳುತ್ತವೆ. ಅದು ವೈಟ್‌ಫೀಲ್ಡಿನ ಇಂತಹ ಮನೆಯ ಜಗಲಿಯಲ್ಲಿ, ರೈಲ್ವೆಯಿಂದ ನಿವೃತ್ತನಾದ ಒಬ್ಬನ ಕೈಯಲ್ಲಿ ಇದ್ದಿತು ಎಂಬ ಮಾತು ಮಾತ್ರ ಅದನ್ನು ನಮ್ಮ ನಾಡಿನ ಚರಿತ್ರೆಗೆ ಸೇರಿಸಬಲ್ಲದು. ಆ ಮಾತು ಬೆಳ್ಳಿಯ ಮೇಲೆ ಇಲ್ಲ. ಅದು ಇರುವುದು ಮೂಟೆಯನ್ನು ಕೊಂಡ ಗುಜರಿಯವನ ನೆನಪಿನಲ್ಲಿ. ಹೆಚ್ಚೆಂದರೆ ಕೆಲವು ವಾರ. ಚುಂಗಾಣಿಯು ತನ್ನ ಹುಟ್ಟನ್ನು ಹೇಳುತ್ತದೆ. ಅದರ ಬಾಳನ್ನು ಬೇರೊಬ್ಬರು ಬರೆದಿಡಬೇಕು.

೪. ಕುಂದೇ ಸಾಕ್ಷಿಯಾಗುವ ಬಗೆ

ಸಂಗ್ರಾಹಕರ ಮಾರುಕಟ್ಟೆಯಲ್ಲಿ ಚುಂಗಾಣಿಗೆ ಬೆಲೆ ಕಟ್ಟುವ ಕ್ರಮವೊಂದಿದೆ. ತಯಾರಕನ ಹೆಸರು, ಆಕಾರ, ಮರದ ಎಳೆಗಳ ಚೆಲುವು, ಮುದ್ರೆಗಳ ಸ್ಪಷ್ಟತೆ, ಎಲ್ಲಕ್ಕೂ ಮಿಗಿಲಾಗಿ ‘ಮೂಲಸ್ಥಿತಿ’. ಸೇದದೆಯೇ ಉಳಿದ ಚುಂಗಾಣಿಗೆ ಅತ್ಯಧಿಕ ಬೆಲೆ. ಬದಲಾಯಿಸಿದ ನಳಿಗೆ, ಹಲ್ಲಿನ ಗುರುತು, ಸುಟ್ಟ ಅಂಚು, ಬೆಸುಗೆಯ ಕಟ್ಟು, ಇವೆಲ್ಲವೂ ಕುಂದುಗಳು. ಬಾರ್ಲಿಂಗ್ ಚುಂಗಾಣಿಗಳಲ್ಲಿ ಮನೆತನದವರ ಕೈಯಿಂದ ಸಂಸ್ಥೆಯು ತಪ್ಪಿಹೋಗುವುದಕ್ಕೆ ಮುಂಚಿನವು, ಎಂದರೆ ೧೯೬೦ರ ಸುಮಾರಿಗಿಂತ ಹಿಂದಿನವು, ಹೆಚ್ಚು ಬೇಡಿಕೆಯುಳ್ಳವು. ಈ ಎಣಿಕೆಯನ್ನು ತಪ್ಪೆನ್ನಲಾಗದು. ಅದು ಕಾರ್ಖಾನೆಯ ಚರಿತ್ರೆಯನ್ನು ಅರಿಯಬಯಸುವವನ ಎಣಿಕೆ.

ಆದರೆ ವಸ್ತುವು ಬಂದು ನೆಲಸಿದ ಊರಿನ ಚರಿತ್ರೆಯನ್ನು ಅರಿಯಬಯಸುವವನಿಗೆ ಈ ಕ್ರಮವು ತಲೆಕೆಳಗಾಗುತ್ತದೆ. ಸೇದದ ಚುಂಗಾಣಿಯು ಅವನಿಗೆ ಏನನ್ನೂ ಹೇಳದು. ಬಟ್ಟಲಿನ ಅಂಚು ಒಂದೇ ಮಗ್ಗುಲಿನಲ್ಲಿ ಕರಿಯಾಗಿದ್ದರೆ ಕಡ್ಡಿಯನ್ನು ಯಾವ ಕೈಯಿಂದ ಹಿಡಿಯುತ್ತಿದ್ದರೆಂಬ ಸೂಚನೆಯಿದೆ. ಬಿರಿದ ಕಂಠಕ್ಕೆ ಹಾಕಿದ ಬೆಳ್ಳಿಯ ಕಟ್ಟಿನ ಮೇಲೆ ಸಿಂಹವೂ ಲಂಗರೂ ಇಲ್ಲದೆ, ಸ್ಥಳೀಯ ಅಕ್ಕಸಾಲಿಯ ಸುತ್ತಿಗೆಯ ಪೆಟ್ಟುಗಳು ಮಾತ್ರ ಕಂಡುಬಂದರೆ, ಇಡೀ ವಸ್ತುವಿನಲ್ಲಿ ಇಲ್ಲಿಯದೆನ್ನಬಹುದಾದ ಭಾಗ ಅದೊಂದೇ. ಹೊಸ ನಳಿಗೆಯನ್ನು ಸಮುದ್ರದಾಚೆಯಿಂದ ತರಿಸಲಾಗದೆ ಕೊಂಬಿನಿಂದ ಕಡೆಸಿ ಹಾಕಿದ್ದರೆ, ಬಡತನವೋ ಮಮತೆಯೋ ಯುದ್ಧಕಾಲದ ಅಭಾವವೋ ಅಲ್ಲಿ ಮಾತನಾಡುತ್ತಿದೆ. ಮಾರುಕಟ್ಟೆಗೆ ಕುಂದಾದುದು ಚರಿತ್ರೆಗೆ ಸಾಕ್ಷಿ. ಅಂತಹ ಕಟ್ಟನ್ನು ಕಿತ್ತು, ನಳಿಗೆಯನ್ನು ಎಸೆದು, ಬೇರೊಂದು ಚುಂಗಾಣಿಯ ‘ನಿಜವಾದ’ ಭಾಗಗಳನ್ನು ಜೋಡಿಸುವವನು ಇರುವ ಒಂದೇ ಸಾಕ್ಷಿಯ ಬಾಯಿ ಮುಚ್ಚಿಸಿದಂತೆ.

ಶುಚಿಮಾಡುವ ಕೆಲಸವೂ ಹೀಗೆಯೇ ವಿವೇಕವನ್ನು ಬೇಡುತ್ತದೆ. ಹೆಚ್ಚಿನ ಬಾಯಿನಳಿಗೆಗಳು ವಲ್ಕನೈಟ್ ಎಂಬ ವಸ್ತುವಿನವು. ರಬ್ಬರಿಗೆ ಹೇರಳವಾಗಿ ಗಂಧಕವನ್ನು ಬೆರೆಸಿ ಕಾಯಿಸಿದಾಗ ದೊರೆಯುವ ಗಟ್ಟಿ ಪದಾರ್ಥವಿದು. ಬೆಳಕು ಮತ್ತು ಗಾಳಿಯ ಸೋಂಕಿನಿಂದ ಅದರ ಕಪ್ಪು ಮೈ ಹಸುರುಗಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿನೀರು ಈ ಕೇಡನ್ನು ಹೆಚ್ಚಿಸುತ್ತದೆ. ಅದರೊಳಗಿನ ಗಂಧಕವೇ ಬೆಳ್ಳಿಯನ್ನು ಕಪ್ಪಾಗಿಸುವುದು; ಆದುದರಿಂದ ನಳಿಗೆಯನ್ನೂ ಬೆಳ್ಳಿಯ ಕಟ್ಟನ್ನೂ ಗಾಳಿಯಾಡದ ಒಂದೇ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮುಚ್ಚಿಡುವುದು ತರವಲ್ಲ. ಮಳೆಗಾಲದ ತೇವದಲ್ಲಿ ಬಟ್ಟಲಿನೊಳಗೆ ಬೂಷ್ಟು ಹಿಡಿಯದಂತೆಯೂ ನೋಡಿಕೊಳ್ಳಬೇಕು. ಕಂಠದ ರಂಧ್ರವನ್ನು ಮದ್ಯಸಾರದಲ್ಲಿ ಅದ್ದಿದ ತೆಳುಬತ್ತಿಯಿಂದ ಶುಚಿಮಾಡಬಹುದು. ಮುದ್ರೆಯಿರುವ ಭಾಗಕ್ಕೆ ಮಾತ್ರ ಮದ್ಯಸಾರವಾಗಲಿ ಉಜ್ಜುಕಾಗದವಾಗಲಿ ಸೋಂಕಬಾರದು. ಬೆಳ್ಳಿಗೆ ಮೃದುವಾದ ಬಟ್ಟೆಯೇ ಸಾಕು.

ಇಲ್ಲೊಂದು ಅಪಾಯವನ್ನು ಹೆಸರಿಸಿ ಹೇಳಬೇಕಾಗಿದೆ. ೧೯೭೦ರ ದಶಕದಿಂದೀಚೆಗೆ ಬೆಳೆದ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲೇತು, ಲೋಹಲೇಪನ, ಬಫ್ ಚಕ್ರದ ಹೊಳಪು ಮುಂತಾದ ಕೆಲಸಗಳಲ್ಲಿ ನುರಿತ ಕಾರ್ಮಿಕರು ಅಸಂಖ್ಯರು. ಮಸುಕಾದ ಚುಂಗಾಣಿಯನ್ನು ಅಂತಹ ಕಾರ್ಯಾಗಾರಕ್ಕೆ ಕೊಟ್ಟರೆ ಕನ್ನಡಿಯಂತೆ ಹೊಳೆಯಿಸಿ ಹಿಂದಿರುಗಿಸಬಲ್ಲರು. ಆದರೆ ಯಂತ್ರಭಾಗದ ಮೇಲಿನ ಒರಟನ್ನೆಲ್ಲ ತೆಗೆಯುವುದೇ ಅವರು ಕಲಿತ ವಿದ್ಯೆ. ಮರದ ಮೇಲೆ ಕೂದಲೆಳೆಯಷ್ಟು ಆಳಕ್ಕೆ ಒತ್ತಿದ ಅಕ್ಷರವೂ ಆ ಚಕ್ರಕ್ಕೆ ಒಂದು ಒರಟೇ. ಕೆಲಸಗಾರನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಮುದ್ರೆಯು ಬೇಗನೆ ಅಳಿಯುವುದು. ತಪ್ಪು ಅವನದಲ್ಲ, ಯಾವುದನ್ನು ಉಳಿಸಬೇಕೆಂದು ಹೇಳದೆ ಕೊಟ್ಟವನದು.

೫. ಟಿಪ್ಪಣಿಯ ವಿಧಾನ

ಹಾಗಾದರೆ ಮಾಡಬೇಕಾದುದೇನು? ದುಬಾರಿಯಾದ ಉಪಕರಣಗಳು ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ಛಾಯಾಚಿತ್ರಕ್ಕೊಂದು ಸಾಧನ ಇಷ್ಟು ಸಾಕು. ವಸ್ತುವು ಕೈಗೆ ಬಂದ ದಿನವೇ, ಶುಚಿಮಾಡುವುದಕ್ಕೆ ಮುಂಚೆ, ಎಲ್ಲ ಮಗ್ಗುಲುಗಳ ಚಿತ್ರವನ್ನು ತೆಗೆಯಬೇಕು. ಮುದ್ರೆಗಳನ್ನು ಇದ್ದುದು ಇದ್ದಂತೆ, ಸಾಲು ಸಾಲಾಗಿ, ಅಳಿಸಿಹೋದ ಕಡೆ ಖಾಲಿ ಬಿಟ್ಟು, ಊಹೆಯನ್ನು ಬೆರಸದೆ ನಕಲು ಮಾಡಬೇಕು. ಉದ್ದ, ಬಟ್ಟಲಿನ ಎತ್ತರ, ರಂಧ್ರದ ಅಗಲಗಳನ್ನು ಅಳೆಯಬೇಕು. ದುರಸ್ತಿಯ ಗುರುತುಗಳನ್ನು ವರ್ಣಿಸಬೇಕು. ಯಾವ ದಿನ, ಯಾವ ಸ್ಥಳದಲ್ಲಿ ದೊರೆಯಿತು, ಜೊತೆಗೆ ಬೇರಾವ ವಸ್ತುಗಳಿದ್ದವು ಎಂಬುದನ್ನು ಬರೆಯಬೇಕು. ಒಂದೇ ಮೂಟೆಯಲ್ಲಿ ಬಂದ ಚಮಚ, ಪದಕ, ಪ್ರಾರ್ಥನಾ ಪುಸ್ತಕಗಳು ಪರಸ್ಪರ ಸಾಕ್ಷಿಗಳು. ಮಾರಿದವನು ಹೇಳಿದ ಮಾತನ್ನು ಅವನ ಮಾತೆಂದೇ ದಾಖಲಿಸಬೇಕು. ಅದು ಸತ್ಯವೆಂದು ಪ್ರತಿಜ್ಞೆ ಮಾಡುವುದು ಬೇಡ, ನಂಬಲರ್ಹವಲ್ಲವೆಂದು ಬಿಡುವುದೂ ಬೇಡ. ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನು ಬೇರೆ ಬೇರೆ ಅಂಕಣಗಳಲ್ಲಿಡುವುದೇ ವಿಧಾನದ ಸಾರ.

ಶಾಸನದ ಅರಿವೂ ಸಂಗ್ರಾಹಕನಿಗೆ ಅಗತ್ಯ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಶಾಸನವು ನೂರು ವರ್ಷಗಳಿಗೆ ಕಡಮೆಯಿಲ್ಲದಷ್ಟು ಹಳೆಯದಾದ, ಚಾರಿತ್ರಿಕ ಆಸಕ್ತಿಯುಳ್ಳ ವಸ್ತುಗಳನ್ನೂ ಪ್ರಾಚ್ಯವಸ್ತುಗಳೆಂದೇ ಎಣಿಸುತ್ತದೆ. ಅಂತಹವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ವೈಟ್‌ಫೀಲ್ಡ್ ಸ್ಥಾಪನೆಯ ಕಾಲದ ವಸ್ತುಗಳು ಈ ವಯಸ್ಸನ್ನು ಎಂದೋ ದಾಟಿವೆ.

ಹೊಗೆಸೊಪ್ಪಿನ ವಿಷಯದಲ್ಲಿಯೂ ಒಂದು ಮಾತು. ಚುಂಗಾಣಿ ಸೇದುವವರ ತುಟಿಯಲ್ಲಿ ಅರ್ಬ್ಬುದವು ಕಾಣಿಸಿಕೊಳ್ಳುವುದನ್ನು ಜರ್ಮನ್ ವೈದ್ಯ ಸೋಮರಿಂಗ್ ೧೭೯೫ರಷ್ಟು ಹಿಂದೆಯೇ ಗುರುತಿಸಿದ್ದನು. ೧೯೫೦ರಲ್ಲಿ ಡಾಲ್ ಮತ್ತು ಹಿಲ್ ಎಂಬ ಆಂಗ್ಲ ವಿಜ್ಞಾನಿಗಳು ಧೂಮಪಾನಕ್ಕೂ ಶ್ವಾಸಕೋಶದ ಅರ್ಬ್ಬುದಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದರು. ಅಕ್ಬರನ ರಾಜವೈದ್ಯನ ಅಳುಕು ನಿರಾಧಾರವಾಗಿರಲಿಲ್ಲ. ಕತ್ತಿಯನ್ನು ಅಭ್ಯಾಸಮಾಡುವವನು ಯುದ್ಧಕ್ಕೆ ಹೋಗಬೇಕಾಗಿಲ್ಲ. ಚುಂಗಾಣಿಯ ಅಭ್ಯಾಸಿಗೂ ಅದನ್ನು ಹೊತ್ತಿಸುವ ಅಗತ್ಯವಿಲ್ಲ.

ಉಪಸಂಹಾರ

ವೈಟ್‌ಫೀಲ್ಡ್ ಒಂದು ಜನಾಂಗವು ತನ್ನದೆನ್ನಬಹುದಾದ ನೆಲವನ್ನು ಬಯಸಿ ಕಟ್ಟಿದ ಊರು. ಕಟ್ಟಿದವರ ವಂಶಜರಲ್ಲಿ ಬಹುಮಂದಿ ದೂರದ ಖಂಡಗಳಲ್ಲಿದ್ದಾರೆ. ಅವರ ಮನೆಗಳು ನಿಂತಿದ್ದ ಕಡೆ ಬೇರೆ ಬಾಳು ಬೇರೂರಿದೆ. ಅದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಆದರೆ ಆ ಮನೆಗಳ ಕಿರುವಸ್ತುಗಳು ಇನ್ನೂ ಕೆಲವು ಕಾಲ ಸಂತೆಗಳಲ್ಲಿ ಓಡಾಡುತ್ತಿರುತ್ತವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳು ಇಂದು ಅದೇ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಆಸುಪಾಸಿನಲ್ಲಿವೆ. ದೂರದ ಶಾಸನಗಳನ್ನೂ ಕೋಟೆಗಳನ್ನೂ ಹುಡುಕಿಕೊಂಡು ಹೋಗುವ ಮುನ್ನ, ತಮ್ಮ ಬೀದಿಯ ಗುಜರಿ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು, ಒಂದು ವಸ್ತುವನ್ನು ಕೈಗೆತ್ತಿಕೊಂಡು, ‘ಇದು ಯಾವ ಮನೆಯಿಂದ ಬಂದಿತು?’ ಎಂದು ಕೇಳಿ, ಉತ್ತರವನ್ನು ಬರೆದುಕೊಂಡರೆ ಅದೂ ಸಂಶೋಧನೆಯೇ. ವಸ್ತುವನ್ನು ಕೊಳ್ಳಲೇಬೇಕೆಂಬ ನಿಯಮವಿಲ್ಲ. ನಾಲ್ಕು ನೂರು ವರ್ಷಗಳ ಹಿಂದೆ ಬಿಜಾಪುರದಲ್ಲಿ ಅಸದ್ ಬೇಗನು ಕೊಂಡ ಚುಂಗಾಣಿಯನ್ನು ನಾವು ಇಂದೂ ಬಲ್ಲೆವಾದರೆ, ಅವನು ಅದನ್ನು ಕೊಂಡುದರಿಂದಲ್ಲ, ಬರೆದಿಟ್ಟುದರಿಂದ.